ಕಾರ್ಲೈಲ್ ವೃತ್ತವೂ ಕಾರ್ಲೈಲ್ ಕಂಡ ವೀರರೂ: ಗಣಿತ ಪಾಠದಲ್ಲಿ ಜೀವನಚರಿತ್ರೆಯ ಸ್ಥಾನ

ಪಾಠ ಯೋಜನೆಯಲ್ಲಿ ಪೀಠಿಕೆಗೆಂದು ನಾವು ಐದು ನಿಮಿಷ ಮೀಸಲಿಡುತ್ತೇವೆ. ಗಣಿತ ಮತ್ತು ವಿಜ್ಞಾನದ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಆ ಐದು ನಿಮಿಷವನ್ನು ಒಬ್ಬ ಮಹಾಪುರುಷರ ಕಥೆಗೆ ಕೊಡುವುದು ರೂಢಿ. ರಾಮಾನುಜನ್ ಅವರ ಬಡತನ, ನ್ಯೂಟನ್ ಅವರ ಸೇಬು, ಎಡಿಸನ್ ಅವರ ಬಲ್ಬು ಹೀಗೆ. ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ವೀಕ್ಷಣೆಗೆ ಬಂದ ಅಧ್ಯಾಪಕರು ಕೂಡ ಪೀಠಿಕೆ ಆಸಕ್ತಿದಾಯಕವಾಗಿತ್ತು ಎಂದು ಷರಾ ಬರೆಯುತ್ತಾರೆ. ಆದರೆ ಕಥೆ ಮುಗಿದ ಮೇಲೆ ಮಕ್ಕಳಲ್ಲಿ ಏನು ಉಳಿಯುತ್ತದೆ? ಹತ್ತನೇ ತರಗತಿಯ ಮಕ್ಕಳ ಬಾಯಲ್ಲಿ ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ ಮಾತು ಇದು: “ಅವರೆಲ್ಲ ಹುಟ್ಟಾ ಬುದ್ಧಿವಂತರು ಮಿಸ್, ನಮಗೆ ಪಾಸಾದ್ರೆ ಸಾಕು.” ಹುರುಪು ತುಂಬಲೆಂದು ಹೇಳಿದ ಕಥೆಯೇ ಕೆಲವು ಮಕ್ಕಳನ್ನು ಗಣಿತದಿಂದ ದೂರ ನಿಲ್ಲಿಸುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಕಾಡಿತು.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಆರಿಸಿಕೊಂಡವರು ವಿಕ್ಟೋರಿಯಾ ಕಾಲದ ಇತಿಹಾಸಕಾರ ಮತ್ತು ಜೀವನಚರಿತ್ರೆಕಾರ ಥಾಮಸ್ ಕಾರ್ಲೈಲ್. ಬಿಎಸ್ಸಿ ಓದಿದವಳಿಗೆ ಇತಿಹಾಸಕಾರರ ಗೊಡವೆ ಏಕೆ ಎಂದು ಸಹಪಾಠಿಗಳು ಕೇಳಿದ್ದುಂಟು. ಇದಕ್ಕೆ ಎರಡು ಕಾರಣಗಳಿವೆ. ಜಗತ್ತಿನ ಇತಿಹಾಸವೆಂದರೆ ಮಹಾಪುರುಷರ ಚರಿತ್ರೆಯೇ ಎಂದು 19ನೇ ಶತಮಾನದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವರು ಇವರು. ಇತಿಹಾಸ ಬರೆಯುವುದಕ್ಕೂ ಮುಂಚೆ ಇವರು ಗಣಿತದ ಮೇಷ್ಟ್ರಾಗಿದ್ದರು. ಅವರ ಹೆಸರು ಹೊತ್ತ ಒಂದು ವೃತ್ತ ಇಂದಿಗೂ ರೇಖಾಗಣಿತದಲ್ಲಿದೆ. ಆ ವೃತ್ತವನ್ನು ನಾನು ನನ್ನ ಬೋಧನಾಭ್ಯಾಸದ ಪಾಠವೊಂದರಲ್ಲಿ ಬಳಸಿದೆ. ಅವರ ಕೃತಿಗಳನ್ನೂ ಆ ಪಾಠವನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಗಣಿತದ ಮೇಷ್ಟ್ರು

ಕಾರ್ಲೈಲ್ ಹುಟ್ಟಿದ್ದು 1795ರ ಡಿಸೆಂಬರ್ 4ರಂದು, ಸ್ಕಾಟ್ಲೆಂಡಿನ ಎಕ್ಲೆಫೆಕನ್ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲು ಕಟ್ಟುವ ಕೆಲಸದವರು. 1809ರಲ್ಲಿ, ಇನ್ನೂ ಹದಿನಾಲ್ಕು ತುಂಬುವ ಮೊದಲೇ, ಊರಿನಿಂದ ನಡೆದುಕೊಂಡೇ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋಗಿ ಸೇರಿದರು. ಮನೆಯವರಿಗೆ ಮಗ ಪಾದ್ರಿಯಾಗಲಿ ಎಂಬ ಆಸೆ. ಮಗನ ಮನಸ್ಸು ಹರಿದದ್ದು ಗಣಿತದ ಕಡೆಗೆ. ಅಲ್ಲಿನ ಗಣಿತ ಪ್ರಾಧ್ಯಾಪಕ ಜಾನ್ ಲೆಸ್ಲಿ ಅವರ ಮೆಚ್ಚಿನ ಶಿಷ್ಯನಾದರು. 1814ರಿಂದ ಆನನ್ ಎಂಬ ಊರಿನಲ್ಲಿ, 1816ರಿಂದ 1818ರವರೆಗೆ ಕರ್ಕಾಲ್ಡಿಯಲ್ಲಿ ಪಾಠ ಹೇಳಿದರು. ಆ ವೃತ್ತಿ ಅವರಿಗೆ ಒಗ್ಗಲಿಲ್ಲ. ಕೆಲಸ ಬಿಟ್ಟು, ಖಾಸಗಿ ಪಾಠ ಹೇಳುತ್ತ, ಅನುವಾದ ಮಾಡುತ್ತ ಬರವಣಿಗೆಯ ದಾರಿ ಹಿಡಿದರು.

ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ ಬರೆದ ರೇಖಾಗಣಿತದ ಪಠ್ಯಪುಸ್ತಕವನ್ನು ಅವರು ಇಂಗ್ಲಿಷಿಗೆ ತಂದರು. ಅದು 1824ರಲ್ಲಿ ಡೇವಿಡ್ ಬ್ರೂಸ್ಟರ್ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅನುಪಾತದ ಬಗೆಗಿನ ಪ್ರವೇಶ ಪ್ರಬಂಧ ಕಾರ್ಲೈಲ್ ಅವರದೇ. ಈ ಅನುವಾದವನ್ನು ಪರಿಷ್ಕರಿಸಿ ಮಾಡಿದ ಪಠ್ಯ ಅಮೆರಿಕದ ಶಾಲಾ ಕಾಲೇಜುಗಳಲ್ಲಿ ದಶಕಗಳ ಕಾಲ ನಡೆಯಿತು. ಅದರಿಂದ ರೇಖಾಗಣಿತ ಕಲಿತವರಲ್ಲಿ ಎಷ್ಟು ಮಂದಿಗೆ ಅನುವಾದಕರ ಹೆಸರು ಗೊತ್ತಿತ್ತೋ!

ಇದಕ್ಕೂ ಮೊದಲಿನದು ವೃತ್ತದ ಸಂಗತಿ. ಒಂದು ರೇಖಾಖಂಡವನ್ನು ಎರಡು ಭಾಗ ಮಾಡಿದಾಗ ಆ ಭಾಗಗಳಿಂದಾಗುವ ಆಯತದ ವಿಸ್ತೀರ್ಣ ಕೊಟ್ಟಷ್ಟೇ ಇರಬೇಕು ಎಂಬುದು ಹಳೆಯ ಸಮಸ್ಯೆ. ಇಂದಿನ ಭಾಷೆಯಲ್ಲಿ ಹೇಳಿದರೆ, ಮೊತ್ತ ಮತ್ತು ಗುಣಲಬ್ಧ ಗೊತ್ತಿರುವ ಎರಡು ಸಂಖ್ಯೆಗಳನ್ನು ಕಂಡುಹಿಡಿಯುವುದು, ಅಂದರೆ ವರ್ಗ ಸಮೀಕರಣ ಬಿಡಿಸುವುದು. ಇದಕ್ಕೆ ಕಾರ್ಲೈಲ್ ಒಂದೇ ವೃತ್ತದ ಪರಿಹಾರ ಸೂಚಿಸಿದರು. ಲೆಸ್ಲಿ ಅದನ್ನು ತಮ್ಮ ರೇಖಾಗಣಿತ ಗ್ರಂಥದಲ್ಲಿ ಸೇರಿಸಿಕೊಂಡು, ಇದು ತಮ್ಮ ಹಿಂದಿನ ವಿದ್ಯಾರ್ಥಿ ಕಾರ್ಲೈಲ್ ಕೊಟ್ಟ ಸೂಚನೆ ಎಂದು ಹೆಸರು ಹೇಳಿ ದಾಖಲಿಸಿದರು. ಶಿಷ್ಯನ ಹೊಳಹಿಗೆ ಗುರು ಕೊಟ್ಟ ಆ ಮನ್ನಣೆಯಿಂದಾಗಿಯೇ ಆ ವೃತ್ತಕ್ಕೆ ಇಂದು ಕಾರ್ಲೈಲ್ ವೃತ್ತ ಎಂಬ ಹೆಸರಿದೆ.

ತರಗತಿಯಲ್ಲಿ ಕಾರ್ಲೈಲ್ ವೃತ್ತ

ಪಾಠಕ್ಕೆ ಬೇಕಾದದ್ದು ಗ್ರಾಫ್ ಹಾಳೆ, ಕೈವಾರ, ಅಳತೆಪಟ್ಟಿ ಮಾತ್ರ. ಪೂರ್ವಜ್ಞಾನವಾಗಿ ನಿರ್ದೇಶಾಂಕಗಳು, ಸಮರೂಪ ತ್ರಿಭುಜಗಳು, ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯ, ಇಷ್ಟು ತಿಳಿದಿರಬೇಕು. ಹತ್ತನೇ ತರಗತಿಯ ಮಕ್ಕಳಿಗೆ ಇವು ಹೊಸದಲ್ಲ. ಪೀಠಿಕೆಯಲ್ಲಿ ನಾನು ಯಾರ ಕಥೆಯನ್ನೂ ಹೇಳಲಿಲ್ಲ. ಮೊತ್ತ 5, ಗುಣಲಬ್ಧ 6 ಬರುವ ಎರಡು ಸಂಖ್ಯೆಗಳು ಯಾವುವು ಎಂದು ಕೇಳಿದೆ. 2 ಮತ್ತು 3 ಎಂಬ ಉತ್ತರ ತಕ್ಷಣ ಬಂತು. ಇದೇ ಉತ್ತರವನ್ನು ಕೈವಾರದಿಂದ ತರಲಾದೀತೇ ಎಂದು ಕೇಳಿ ಚಟುವಟಿಕೆ ಆರಂಭಿಸಿದೆ.

ಮೊದಲ ಹಂತದಲ್ಲಿ (0, 1) ಬಿಂದುವನ್ನು ಗುರುತಿಸಿ ‘ಅ’ ಎಂದು ಹೆಸರಿಡಬೇಕು. ಯಾವ ಲೆಕ್ಕಕ್ಕಾದರೂ ಈ ಬಿಂದು ಬದಲಾಗುವುದಿಲ್ಲ. ಎರಡನೆಯ ಬಿಂದು ‘ಬ’. ಇದರ ಎಕ್ಸ್ ನಿರ್ದೇಶಾಂಕ ಮೊತ್ತ, ವೈ ನಿರ್ದೇಶಾಂಕ ಗುಣಲಬ್ಧ. ನಮ್ಮ ಲೆಕ್ಕಕ್ಕೆ ಇದು (5, 6). ಎರಡನೆಯ ಹಂತದಲ್ಲಿ ಅಬ ರೇಖೆಯನ್ನು ವ್ಯಾಸವಾಗಿಟ್ಟುಕೊಂಡು ವೃತ್ತ ಎಳೆಯಬೇಕು. ಮಧ್ಯಬಿಂದು (2.5, 3.5) ಅದರ ಕೇಂದ್ರ. ಮೂರನೆಯ ಹಂತದಲ್ಲಿ ವೃತ್ತ ಎಕ್ಸ್ ಅಕ್ಷವನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೋಡಬೇಕು. ಕತ್ತರಿಸುವುದು 2 ಮತ್ತು 3ರಲ್ಲಿ. ಸಮೀಕರಣದ ಮೂಲಗಳು ಕಣ್ಣೆದುರೇ ಬರುತ್ತವೆ.

ಏಕೆ ಹೀಗೆ? ಸಾಧನೆಯನ್ನು ನಾನು ಪ್ರಶ್ನೋತ್ತರದಿಂದಲೇ ಹೊರಡಿಸಿದೆ. ವೃತ್ತ ಅಕ್ಷವನ್ನು ಕತ್ತರಿಸುವ ಒಂದು ಬಿಂದುವನ್ನು ‘ಕ’ ಎನ್ನೋಣ, ಅದು (2, 0). ಅಬ ವ್ಯಾಸವಾದ್ದರಿಂದ ಅಕಬ ಕೋನ ಲಂಬಕೋನ. ‘ಬ’ ಬಿಂದುವಿನಿಂದ ಎಕ್ಸ್ ಅಕ್ಷಕ್ಕೆ ಲಂಬ ಎಳೆದರೆ ಅದು (5, 0)ರಲ್ಲಿ ಸೇರುತ್ತದೆ. ಈಗ ಅಕ್ಷದ ಮೇಲೆ ಎರಡು ಲಂಬಕೋನ ತ್ರಿಭುಜಗಳು ಕಾಣುತ್ತವೆ. ಎಡಗಡೆಯದರ ಬಾಹುಗಳು 1 ಮತ್ತು 2. ಬಲಗಡೆಯದರ ಬಾಹುಗಳು 3 ಮತ್ತು 6. ‘ಕ’ದಲ್ಲಿ ಲಂಬಕೋನವಿರುವುದರಿಂದ ಇವೆರಡೂ ಸಮರೂಪ. ಹಾಗಾಗಿ 1ಕ್ಕೆ 2 ಹೇಗೋ 3ಕ್ಕೆ 6 ಹಾಗೆ. ಸಂಖ್ಯೆಗಳ ಬದಲು ಮಾತಿನಲ್ಲಿ ಹೇಳಿದರೆ, ಒಂದು ಮೂಲವನ್ನು ಮೊತ್ತದಿಂದ ಕಳೆದು ಉಳಿದದ್ದರಿಂದ ಗುಣಿಸಿದರೆ ಗುಣಲಬ್ಧ ಬರುತ್ತದೆ. ವರ್ಗ ಸಮೀಕರಣ ಹೇಳುವುದೂ ಇದನ್ನೇ.

ಮುಂದಿನ ಎರಡು ಲೆಕ್ಕಗಳನ್ನು ಗುಂಪುಗಳಿಗೆ ಕೊಟ್ಟೆ. ಮೊತ್ತ 4, ಗುಣಲಬ್ಧ 4 ಆದಾಗ ಕೇಂದ್ರ (2, 2.5), ತ್ರಿಜ್ಯ 2.5. ವೃತ್ತ ಅಕ್ಷವನ್ನು 2ರಲ್ಲಿ ಮುಟ್ಟುತ್ತದೆ, ಕತ್ತರಿಸುವುದಿಲ್ಲ. ಮೂಲಗಳು ಸಮ ಎಂಬುದರ ಚಿತ್ರ ಇದು. ಮೊತ್ತ 2, ಗುಣಲಬ್ಧ 5 ಆದಾಗ ಕೇಂದ್ರ (1, 3), ತ್ರಿಜ್ಯ ಸುಮಾರು 2.24. ವೃತ್ತ ಅಕ್ಷಕ್ಕೆ ತಾಗದೆ ಮೇಲೆಯೇ ಉಳಿಯುತ್ತದೆ. ವಾಸ್ತವ ಮೂಲಗಳಿಲ್ಲ ಎಂದು ಶೋಧಕದ ಚಿಹ್ನೆ ನೋಡಿ ಬಾಯಿಪಾಠ ಹೇಳುತ್ತಿದ್ದ ಮಕ್ಕಳು, ಈಗ ವೃತ್ತ ಮೇಲೆ ತೇಲುತ್ತಿದೆ ಎಂದು ತಾವೇ ಹೇಳಿದರು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಕೇಂದ್ರದ ಕೆಳಗೆ ನೇರವಾಗಿ ನಿಂತುಕೊಂಡರೆ ಎರಡು ಉತ್ತರವೂ ಅಷ್ಟೇ ದೂರ ಇರ್ತಾವೆ” ಎಂದ. ಎಷ್ಟು ದೂರ ಎಂದು ಕೇಳಿದೆ. ಗುಂಪಿನವರು ಸೇರಿ ಪೈಥಾಗೊರಸ್ ಪ್ರಮೇಯ ಹಾಕಿದರು. ಮೊದಲ ಲೆಕ್ಕದಲ್ಲಿ ತ್ರಿಜ್ಯದ ವರ್ಗ 12.5, ಕೇಂದ್ರದ ಎತ್ತರದ ವರ್ಗ 12.25, ವ್ಯತ್ಯಾಸ 0.25, ಅದರ ವರ್ಗಮೂಲ 0.5. ಹಾಗಾದರೆ ಉತ್ತರಗಳು 2.5ಕ್ಕೆ 0.5 ಕೂಡಿಸಿದರೆ ಒಂದು, ಕಳೆದರೆ ಇನ್ನೊಂದು. ಸೂತ್ರವೆಂದು ಉರು ಹೊಡೆದದ್ದರ ಒಡಲೇ ಇದು. ನಾನು ಕಪ್ಪುಹಲಗೆಯ ಮೇಲೆ ಆ ಹೆಜ್ಜೆಯನ್ನು ಬರೆದು, ಪಕ್ಕದಲ್ಲಿ ಆ ಹುಡುಗನ ಹೆಸರಿನ ‘ವಿಧಾನ’ ಎಂದು ಬರೆದೆ. ಲೆಸ್ಲಿ ತಮ್ಮ ಶಿಷ್ಯನಿಗೆ ಮಾಡಿದ್ದೂ ಇದನ್ನೇ ಎಂದು ಹೇಳಿ, ಅವಧಿಯ ಕೊನೆಯ ನಾಲ್ಕು ನಿಮಿಷಗಳಲ್ಲಿ ಕಾರ್ಲೈಲ್ ಕಥೆ ಹೇಳಿದೆ. ಆ ಹೊತ್ತಿಗೆ ಕಾರ್ಲೈಲ್ ಅವರ ಕೆಲಸ ಪ್ರತಿಯೊಬ್ಬರ ಹಾಳೆಯ ಮೇಲೂ ಇತ್ತು. ಕಥೆಯ ನಂತರ ಬಂದ ಪ್ರಶ್ನೆ “ಅವರಿಗೆ ಇದು ಹೇಗೆ ಹೊಳೀತು ಮಿಸ್?” ಎಂಬುದು.

ಇತಿಹಾಸಕಾರರಾದ ಮೇಲೆ

ಇನ್ನು ಅವರಿಗೆ ಹೆಸರು ತಂದ ಗ್ರಂಥಗಳ ಕಡೆಗೆ ಬರೋಣ. 1834ರಲ್ಲಿ ಕಾರ್ಲೈಲ್ ದಂಪತಿ ಲಂಡನ್ನಿಗೆ ಬಂದು ನೆಲೆಸಿದರು. ಫ್ರೆಂಚ್ ಕ್ರಾಂತಿಯ ಇತಿಹಾಸದ ಮೊದಲ ಸಂಪುಟದ ಹಸ್ತಪ್ರತಿಯನ್ನು ಓದಲೆಂದು ಗೆಳೆಯ ಜಾನ್ ಸ್ಟುಅರ್ಟ್ ಮಿಲ್ ಅವರಿಗೆ ಕೊಟ್ಟಿದ್ದರು. 1835ರ ಮಾರ್ಚಿನಲ್ಲಿ ಅದು ರದ್ದಿ ಕಾಗದವೆಂದು ತಿಳಿದ ಕೆಲಸದಾಕೆಯ ಕೈಯಿಂದ ಬೆಂಕಿಗೆ ಬಿತ್ತು. ಬೇರೆ ಪ್ರತಿ ಇರಲಿಲ್ಲ. ಮಿಲ್ ಪರಿಹಾರವಾಗಿ 200 ಪೌಂಡ್ ಕೊಡಲು ಬಂದರು, ಕಾರ್ಲೈಲ್ 100 ಮಾತ್ರ ತೆಗೆದುಕೊಂಡು ಇಡೀ ಸಂಪುಟವನ್ನು ಮತ್ತೆ ಬರೆದರು. 1837ರಲ್ಲಿ ಮೂರೂ ಸಂಪುಟಗಳು ಹೊರಬಂದವು. ಎದುರು ನಿಂತು ನೋಡಿದವರಂತೆ, ವರ್ತಮಾನ ಕಾಲದಲ್ಲಿ, ಹಸಿದ ಜನರ ಗದ್ದಲವನ್ನು ಕಿವಿಗೆ ಕೇಳಿಸುವಂತೆ ಬರೆದ ಇತಿಹಾಸ ಅದು. ಡಿಕನ್ಸ್ 1859ರಲ್ಲಿ ಪ್ಯಾರಿಸ್ ಮತ್ತು ಲಂಡನ್ ನಗರಗಳ ಕಾದಂಬರಿ ಬರೆದಾಗ ಈ ಗ್ರಂಥದ ಋಣವನ್ನು ಮುನ್ನುಡಿಯಲ್ಲೇ ಒಪ್ಪಿಕೊಂಡರು. ಗಮನಿಸಬೇಕಾದ ಅಂಶವೆಂದರೆ, ಈ ಪುಸ್ತಕವನ್ನು ಹೊತ್ತು ನಡೆಸುವುದು ಒಬ್ಬ ವೀರನಲ್ಲ, ರೊಟ್ಟಿಯಿಲ್ಲದ ಜನಸಮೂಹ.

1840ರಲ್ಲಿ ಅವರು ವೀರರು ಮತ್ತು ವೀರಾರಾಧನೆ ಕುರಿತು ಆರು ಉಪನ್ಯಾಸ ಕೊಟ್ಟರು. ಮರುವರ್ಷ ಅವು ಪುಸ್ತಕವಾದವು. ದೇವತೆಯಾಗಿ, ಪ್ರವಾದಿಯಾಗಿ, ಕವಿಯಾಗಿ, ಗುರುವಾಗಿ, ಸಾಹಿತಿಯಾಗಿ, ಅರಸನಾಗಿ ವೀರನು ಬರುತ್ತಾನೆ ಎಂಬುದು ಅದರ ಚೌಕಟ್ಟು. ಈ ಪುಸ್ತಕದಿಂದ ಒಳಿತೂ ಆಗಿದೆ. ಗಾಂಧೀಜಿ ವಿದ್ಯಾರ್ಥಿಯಾಗಿದ್ದಾಗ ಗೆಳೆಯರೊಬ್ಬರ ಸಲಹೆಯಂತೆ ಇದರಲ್ಲಿನ ಪ್ರವಾದಿ ಮಹಮ್ಮದರ ಅಧ್ಯಾಯ ಓದಿ, ಅವರ ಹಿರಿಮೆ ತಿಳಿದುಕೊಂಡುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಯೂರೋಪಿನಲ್ಲಿ ಪ್ರವಾದಿಯವರನ್ನು ವಂಚಕರೆಂದು ಹಳಿಯುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಕಾರ್ಲೈಲ್ ಅದನ್ನು ಸಾರ್ವಜನಿಕ ವೇದಿಕೆಯಲ್ಲೇ ತಳ್ಳಿಹಾಕಿದ್ದರು. ಆದ್ದರಿಂದ ದೊಡ್ಡವರ ಕಥೆ ಹೇಳುವುದೇ ತಪ್ಪು ಎಂದು ನಾನು ವಾದಿಸಲಾರೆ.

ತೊಡಕು ಇರುವುದು ಬೇರೆ ಕಡೆ. ವೀರನಲ್ಲಿ ನಂಬಿಕೆ ಮೊದಲು ಬಂದರೆ ಪುರಾವೆ ಹಿಂದೆ ಬೀಳುತ್ತದೆ. 1845ರಲ್ಲಿ ಕಾರ್ಲೈಲ್ ಆಲಿವರ್ ಕ್ರಾಮ್‌ವೆಲ್ ಅವರ ಪತ್ರಗಳನ್ನೂ ಭಾಷಣಗಳನ್ನೂ ಸಂಗ್ರಹಿಸಿ ತಮ್ಮ ವಿವರಣೆಯೊಂದಿಗೆ ಪ್ರಕಟಿಸಿದರು. ಮೂಲ ದಾಖಲೆಗಳಿಂದಲೇ ವ್ಯಕ್ತಿಯನ್ನು ತೋರಿಸುವ ಒಳ್ಳೆಯ ಕೆಲಸ ಅದು. ಅಲ್ಲಿಯವರೆಗೆ ಕಪಟಿಯೆನಿಸಿಕೊಂಡಿದ್ದ ಕ್ರಾಮ್‌ವೆಲ್ ಅವರ ಬಗೆಗಿನ ಅಭಿಪ್ರಾಯವೇ ಇದರಿಂದ ಬದಲಾಯಿತು. ಆದರೆ ಸ್ಕ್ವೈರ್ ಎಂಬುವರು ಕ್ರಾಮ್‌ವೆಲ್ ಬರೆದವೆಂದು ಒದಗಿಸಿದ 35 ಪತ್ರಗಳ ನಕಲನ್ನು ಕಾರ್ಲೈಲ್ 1847ರಲ್ಲಿ ನಿಜವೆಂದೇ ಪ್ರಕಟಿಸಿದರು. ಅವು ಕೃತಕ ಎಂದು ನಂತರದ ವಿದ್ವಾಂಸರು ತೀರ್ಮಾನಿಸಿದರು. ರೇಖಾಗಣಿತದಲ್ಲಿ ಪ್ರತಿ ಹೆಜ್ಜೆಗೂ ಕಾರಣ ಕೇಳುತ್ತಿದ್ದ ಮನಸ್ಸು ತಾನು ಆರಾಧಿಸುವ ವ್ಯಕ್ತಿಯ ಮುಂದೆ ಆ ಕಟ್ಟುನಿಟ್ಟನ್ನು ಸಡಿಲಿಸಿತು. 1858ರಿಂದ 1865ರವರೆಗೆ ಆರು ಸಂಪುಟಗಳಲ್ಲಿ ಬಂದ ಪ್ರಷ್ಯಾದ ದೊರೆ ಫ್ರೆಡರಿಕ್ ಚರಿತ್ರೆಗಾಗಿ ಅವರು ಜರ್ಮನಿಗೆ ಎರಡು ಸಲ ಹೋಗಿ ಬಂದರು, ಯುದ್ಧಭೂಮಿಗಳನ್ನು ಕಣ್ಣಾರೆ ಕಂಡರು. ಶ್ರಮ ಅಪಾರ. ಆದರೆ ಹೊತ್ತು ಹೋದಂತೆ ಅವರ ವೀರನಿಗೂ ಬಲಶಾಲಿ ಆಳುವವನಿಗೂ ನಡುವಿನ ಗೆರೆ ತೆಳುವಾಗುತ್ತ ಹೋಯಿತು.

ಇದರ ಪರಿಣಾಮ ಪುಸ್ತಕಗಳಲ್ಲಷ್ಟೇ ಉಳಿಯಲಿಲ್ಲ. ಕೆಲವರು ಆಳಲು ಹುಟ್ಟಿದವರಾದರೆ ಉಳಿದವರು ಆಳಿಸಿಕೊಳ್ಳಲು ಹುಟ್ಟಿದವರು ಎಂಬ ಮಾತಿಗೆ ಬಂದು ನಿಲ್ಲಬೇಕಾಗುತ್ತದೆ. 1849ರ ಡಿಸೆಂಬರಿನಲ್ಲಿ ಕಾರ್ಲೈಲ್, ವೆಸ್ಟ್ ಇಂಡೀಸಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಜನರನ್ನು ಹೀಯಾಳಿಸಿ, ಅವರನ್ನು ಬಲವಂತದಿಂದ ದುಡಿಸಬೇಕೆಂದು ಒಂದು ಪ್ರಬಂಧ ಬರೆದರು. ಮರುತಿಂಗಳೇ ಅದೇ ಪತ್ರಿಕೆಯಲ್ಲಿ ಅದನ್ನು ಖಂಡಿಸಿದವರು ಅದೇ ಮಿಲ್. 1865ರಲ್ಲಿ ಜಮೈಕಾದ ಗವರ್ನರ್ ಐರ್ ಅಲ್ಲಿನ ದಂಗೆಯನ್ನು ಹತ್ತಿಕ್ಕಿದಾಗ 400ಕ್ಕೂ ಹೆಚ್ಚು ಜನ ಸತ್ತರು. ಗವರ್ನರನ್ನು ವಿಚಾರಣೆಗೆ ಗುರಿಪಡಿಸಬೇಕೆಂದ ಸಮಿತಿಯಲ್ಲಿ ಮಿಲ್, ಡಾರ್ವಿನ್, ಹಕ್ಸ್ಲಿ ಇದ್ದರು. ಗವರ್ನರ್ ಪರ ನಿಂತ ಸಮಿತಿಯಲ್ಲಿ ಕಾರ್ಲೈಲ್ ಮುಂದಾಳಾದರು. ಅವರ ಜತೆಗಿದ್ದವರಲ್ಲಿ ಒಬ್ಬರು ಭೌತವಿಜ್ಞಾನಿ ಜಾನ್ ಟಿಂಡಾಲ್, ಹತ್ತನೇ ತರಗತಿಯಲ್ಲಿ ನಾವು ಬೆಳಕಿನ ಚದುರುವಿಕೆ ಹೇಳುವಾಗ ಬರುವ ಟಿಂಡಾಲ್ ಪರಿಣಾಮದ ಟಿಂಡಾಲ್. ವಿಜ್ಞಾನದ ತಿಳಿವಳಿಕೆ ಒಬ್ಬರನ್ನು ನ್ಯಾಯದ ಕಡೆಗೇ ನಿಲ್ಲಿಸುತ್ತದೆ ಎಂಬ ಭರವಸೆ ಕೊಡಲಾಗದು ಎಂಬುದಕ್ಕೆ ಇದು ನಮ್ಮ ವಿಷಯದೊಳಗಿನ ಉದಾಹರಣೆ.

ವೀರರಲ್ಲದವರ ಚರಿತ್ರೆ

ಕಾರ್ಲೈಲ್ ಕೃತಿಗಳಲ್ಲಿ ಶಿಕ್ಷಕರಿಗೆ ಹೆಚ್ಚು ಉಪಯೋಗವಾಗುವುದು ಯಾವುದು ಎಂದರೆ ನಾನು 1851ರಲ್ಲಿ ಬಂದ ಜಾನ್ ಸ್ಟರ್ಲಿಂಗ್ ಅವರ ಜೀವನಚರಿತ್ರೆಯನ್ನು ಹೆಸರಿಸುತ್ತೇನೆ. ಸ್ಟರ್ಲಿಂಗ್ ಅರಸರಲ್ಲ, ಪ್ರವಾದಿಯಲ್ಲ. ಕಾರ್ಲೈಲ್ ಅವರ ಗೆಳೆಯ, ಒಂದಿಷ್ಟು ಬರೆದವರು, ಕ್ಷಯದಿಂದ ನರಳಿ 1844ರಲ್ಲಿ 38ನೆಯ ವಯಸ್ಸಿನಲ್ಲಿ ತೀರಿಕೊಂಡವರು. ಅವರ ಬಗ್ಗೆ ಮೊದಲೇ ಬಂದಿದ್ದ ಬರಹ ಧಾರ್ಮಿಕ ವಿಚಾರಗಳಿಗೇ ಒತ್ತು ಕೊಟ್ಟು ಇಡೀ ಮನುಷ್ಯನನ್ನು ಮರೆಸಿದೆ ಎಂದು ಕಾರ್ಲೈಲ್ ಅವರಿಗೆ ಅನಿಸಿತು. ಅದನ್ನು ಸರಿಪಡಿಸಲು ಈ ಪುಸ್ತಕ ಬರೆದರು. ಇಲ್ಲಿ ಅಬ್ಬರವಿಲ್ಲ. ತಿರುಗಾಟ, ಕಾಯಿಲೆ, ಅರ್ಧಕ್ಕೆ ನಿಂತ ಕೆಲಸ, ಗೆಳೆಯರ ಮಾತುಕತೆ ಇವೇ ತುಂಬಿವೆ. ದೊಡ್ಡ ಗೆಲುವಿಲ್ಲದ ಬದುಕೂ ಬರೆಯಲು ಯೋಗ್ಯ ಎಂದು ವೀರಾರಾಧನೆಯ ಪ್ರತಿಪಾದಕರೇ ತೋರಿಸಿಕೊಟ್ಟರು.

ನಮ್ಮ ಪಾಠ ಯೋಜನೆಗಳಿಗೆ

ಈ ಅಧ್ಯಯನದಿಂದ ನಾನು ನನ್ನ ಮುಂದಿನ ಪಾಠಗಳಿಗೆ ಮೂರು ನಿಯಮ ಹಾಕಿಕೊಂಡಿದ್ದೇನೆ. ಪ್ರಶಿಕ್ಷಣಾರ್ಥಿ ಮಿತ್ರರು ತಮ್ಮ ತರಗತಿಗಳಲ್ಲಿ ಇವನ್ನು ಪರೀಕ್ಷಿಸಿ ನೋಡಬಹುದು.

ಒಂದು, ಕೆಲಸ ಮೊದಲು, ಕಥೆ ಆಮೇಲೆ. ಗಣಿತಜ್ಞರ ಬದುಕನ್ನು ಪೀಠಿಕೆಯಿಂದ ತೆಗೆದು, ಅವರ ವಿಧಾನವನ್ನು ಮಕ್ಕಳು ತಾವೇ ಮಾಡಿದ ಮೇಲೆ ಹೇಳಬೇಕು. ಆಗ ಕಥೆಯಲ್ಲಿರುವವರು ಮಕ್ಕಳಂತೆಯೇ ಅದೇ ಲೆಕ್ಕದ ಮುಂದೆ ಕುಳಿತಿದ್ದವರಾಗಿ ಕಾಣುತ್ತಾರೆ.

ಎರಡು, ಒಬ್ಬರನ್ನೇ ಎತ್ತಿ ನಿಲ್ಲಿಸಬಾರದು. ಕಾರ್ಲೈಲ್ ವೃತ್ತದ ಹಿಂದೆ ಲೆಸ್ಲಿ ಇದ್ದಾರೆ, ಅವರ ಹಿಂದೆ ಯೂಕ್ಲಿಡ್ ಇದ್ದಾರೆ. ಹಾಗೆಯೇ ತರಗತಿಯ ಯಾವ ಮಗು ಹೊಸ ಹೆಜ್ಜೆ ಇಟ್ಟರೂ ಅದನ್ನು ಹೆಸರು ಸಹಿತ ಹಲಗೆಯ ಮೇಲೆ ಬರೆಯಬೇಕು. ಇದಕ್ಕೆ ತಗಲುವುದು ಒಂದು ತುಂಡು ಸೀಮೆಸುಣ್ಣ.

ಮೂರು, ಪ್ರಮೇಯಕ್ಕೆ ಸಾಧನೆ ಬೇಕು, ಸಾಧಿಸಿದವರ ಹಿರಿಮೆಯ ಆಸರೆ ಬೇಕಿಲ್ಲ. ಜಮೈಕಾದ ಜನರ ಬಗ್ಗೆ ಕಾರ್ಲೈಲ್ ಬರೆದದ್ದು ಅನ್ಯಾಯ. ಅದರಿಂದ ಅವರ ವೃತ್ತ ಸುಳ್ಳಾಗುವುದಿಲ್ಲ. ವೃತ್ತ ಸರಿಯಾಗಿದೆ ಎಂಬುದರಿಂದ ಆ ಬರಹ ಕ್ಷಮೆಗೆ ಅರ್ಹವೂ ಆಗುವುದಿಲ್ಲ. ಮಕ್ಕಳು ಕೇಳಿದರೆ ಎರಡನ್ನೂ ಅವರ ವಯಸ್ಸಿಗೆ ತಕ್ಕಂತೆ ಹೇಳಬಹುದು. ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ತಾಳಿಕೊಳ್ಳುವ ಶಕ್ತಿಯಿದೆ.

ಬೋಧನಾಭ್ಯಾಸದ ಮೌಲ್ಯಮಾಪನ ಪತ್ರಿಕೆಯಲ್ಲಿ ಪೀಠಿಕೆಯ ಆಕರ್ಷಣೆಗೆ ಅಂಕಗಳಿವೆ. ಪಾಠದ ಕೊನೆಯಲ್ಲಿ ಎಷ್ಟು ಮಕ್ಕಳು ತಾವೇ ಒಂದು ಪ್ರಶ್ನೆ ಕೇಳಿದರು ಎಂಬುದಕ್ಕೂ ಒಂದು ಕಾಲಂ ಇದ್ದರೆ ಚೆನ್ನ. ಅಧ್ಯಾಪಕ ವೃಂದ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ಮುಂದಿನ ಹಂತದ ಬೋಧನಾಭ್ಯಾಸದಲ್ಲಿ ನಾನು ಇದೇ ವೃತ್ತವನ್ನು ಗುಣಲಬ್ಧ ಋಣವಾಗಿರುವ ಸಮೀಕರಣಗಳಿಗೆ ಅನ್ವಯಿಸಲಿದ್ದೇನೆ. ಮೊತ್ತ 1, ಗುಣಲಬ್ಧ ಋಣ 6 ಆದಾಗ ‘ಬ’ ಬಿಂದು ಅಕ್ಷದ ಕೆಳಗೆ ಹೋಗುತ್ತದೆ, ವೃತ್ತ 3ರಲ್ಲೂ ಋಣ 2ರಲ್ಲೂ ಕತ್ತರಿಸುತ್ತದೆ. ಗುಣಲಬ್ಧ ಋಣವಾದಾಗಲೆಲ್ಲ ವೃತ್ತ ಅಕ್ಷವನ್ನು ಕತ್ತರಿಸಲೇಬೇಕೇ ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಡುವ ಯೋಚನೆಯಿದೆ.